ವಾಯರ್ ಹಿಡಿದ ಕೈ

ಈಶ್ವರ ಬೀಸಿದ ಕಬ್ಬಿಣದ ಹ್ಯಾಂಡಲ್ ಮೆಕ್ಯಾನಿಕ್ ಸಮಾಧಾನನ ಎಡ ಭುಜಕ್ಕೆ ಬಿತ್ತು. ಗುರಿಯಿದ್ದದ್ದು ತಲೆಗೇ, ಸಮಾಧಾನ ಬಗ್ಗಿದ್ದರಿಂದ ಭುಜಕ್ಕೆ ಹೋಯಿತು. ಅವನ ಕೈಯಲ್ಲಿದ್ದ ಚೆಂಡುಹೂವಿನ ಹಾರ ನೆಲಕ್ಕೆ ಬಿದ್ದು ಯಾರದೋ ಚಪ್ಪಲಿಯ ಕೆಳಗೆ ಹರಿದುಹೋಯಿತು. ಹೆಣದ ಸುತ್ತ ಕೂತು ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ಕಿರುಚಿದರು.

"ಕೊಂದಾಂವ್ನ ಹಾರಾ ತಂದಾನ ನೋಡ್ರಿ! ಎಷ್ಟ ಧೈರ್ಯ ಈ ಮಗಂದು!" ಎಂದು ಸತ್ತವನ ತಮ್ಮ ಜ್ಞಾನದೇವ ಚೀರಿದ. "ಬಿಡಬ್ಯಾಡ ಈಶ್ವರಾ. ಹಾಕ ಇನ್ನೊಂದ!"

ಅಂಗಳದ ನಡುವೆ ಚಟ್ಟದ ಮೇಲೆ ರಾವಸಾಹೇಬ ಮಲಗಿದ್ದ. ಗದ್ದದ ಗಾಯಕ್ಕೆ ಹತ್ತಿ ಅಂಟಿಸಿದ್ದರು. ಹಿಂದಿನಿಂದ ಒಡೆದಿದ್ದ ತಲೆ ಕಾಣದಂತೆ ಕೇಸರಿ ಪಟಕಾ ಸುತ್ತಿದ್ದರು. ಮೊನ್ನೆ ಬೆಳಿಗ್ಗೆ ಇದೇ ಅಂಗಳದಲ್ಲಿ ಅವನು ತನ್ನ ಹಳೆಯ ಅಂಬಾಸಿಡರ್ ಕಾರನ್ನು ಎಬ್ಬಿಸಲು ಅದರ ಮೂತಿಗೆ ಹ್ಯಾಂಡಲ್ ಹಾಕಿ ತಿರುವುವಾಗ ಅದು ತಿರುಗಿ ಒದ್ದಿತ್ತು. ಹ್ಯಾಂಡಲ್ ಗದ್ದಕ್ಕೆ ಬಡಿದು, ಅವನು ಹಿಂದಕ್ಕೆ ಉರುಳಿ, ತಲೆ ಬಟ್ಟೆ ಒಗೆಯುವ ಕಲ್ಲಿಗೆ ತಾಗಿತ್ತು. ಮಿರಜದ ದವಾಖಾನೆಯಲ್ಲಿ ಎರಡು ದಿನ ಇಟ್ಟುಕೊಂಡು, ಇವತ್ತು ಬೆಳಿಗ್ಗೆ ಬಟ್ಟೆ ಸುತ್ತಿ ಕೊಟ್ಟರು. ಈಗ ಮಗ ಈಶ್ವರನ ಕೈಯಲ್ಲಿದ್ದದ್ದು ಅದೇ ಹ್ಯಾಂಡಲ್.

"ಏನ ತಪ್ಪ ಮಾಡೇನಿ ಅದನ್ನರೆ ಹೇಳ್ರಿ ಕಾಕಾ, ಆಮ್ಯಾಲ ಹೊಡೀರಿ," ಎಂದ ಸಮಾಧಾನ, ಭುಜ ಹಿಡಿದುಕೊಂಡು. ಕಾಗವಾಡದಲ್ಲಿ ಮಿರಜ ರಸ್ತೆಗೆ ಅವನದೊಂದು ತಗಡಿನ ಗ್ಯಾರೇಜು. ಹಳೆಯ ಪೆಟ್ರೋಲ್ ಗಾಡಿಗಳನ್ನು ಬಲ್ಲವನು ಈ ಸುತ್ತಿನಲ್ಲಿ ಅವನೊಬ್ಬನೇ ಉಳಿದಿದ್ದ.

"ಹೇಳ್ತೇನಿ ಕೇಳ. ಮಿರಜದಾಗ ನಾಕ ಮಂದಿ ಡ್ರೈವರನ್ನ ಕೇಳೇನಿ. ಇಂಜಿನ್ನಿನ ಕಿಡಿ ಹಾರೂ ಟೈಮಿಂಗ್ ತಪ್ಪಿದ್ರನ ಹ್ಯಾಂಡಲ್ ಉಲ್ಟಾ ಒದೀತೈತಿ ಅಂತ ನಾಕೂ ಮಂದಿ ಅಂದ್ರು. ಹೋದ ವಾರ ಇದs ಅಂಗಳದಾಗ ಬಾನೆಟ್ ತಗದ ಟೈಮಿಂಗ್ ಕಟ್ಟಿದಾಂವ ಯಾಂವ?" ಎಂದ ಜ್ಞಾನದೇವ.

"ನಾನ ಕಟ್ಟೇನ್ರಿ. ಬರೋಬ್ಬರಿ ಕಟ್ಟೇನಿ."

"ಬರೋಬ್ಬರಿ ಕಟ್ಟಿದ್ರ ನಮ್ಮಣ್ಣ ಯಾಕ ಚಟ್ಟದ ಮ್ಯಾಲ ಮಲಗ್ಯಾನ?"

ಸಮಾಧಾನ ಇವರ ಪೈಕಿಯವನಾಗಿದ್ದರೆ ಮೊದಲು ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟು, ನಾಲ್ಕು ಹಿರಿಯರನ್ನು ಕರೆದು ವಿಚಾರಿಸುತ್ತಿದ್ದರು. ಗ್ಯಾರೇಜಿನ ಗೋಡೆಯ ಮೇಲೆ ಬುದ್ಧನ ಫೋಟೊ ಇಟ್ಟುಕೊಂಡವನಿಗೆ ಚಹಾಕ್ಕಿಂತ ಮೊದಲು ಹ್ಯಾಂಡಲ್ ಬಂತು. ಇದನ್ನು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಪಕ್ಕದ ಮನೆಯ ಮುದುಕ ಭರಮು ಕೋಲೂರಿ ಎದ್ದು ನಿಂತ. "ಹೆಣಾ ಇಟಗೊಂಡ ಬಡದಾಟ ಬ್ಯಾಡ್ರೊ. ಮದಲ ಹೊಳಿಗೆ ಒಯ್ಯೂನು."

"ನೀ ಸುಮ್ನ ಕುಂದರ ಮುತ್ಯಾ," ಎಂದ ಈಶ್ವರ. ಭರಮು ಕೋಲು ಪಕ್ಕಕ್ಕಿಟ್ಟು ಕಟ್ಟೆಯ ಮೇಲೆ ಕೂತ.

ಹೆಣದ ತಲೆಯ ಬಳಿ ಕೂತಿದ್ದ ರಾವಸಾಹೇಬನ ಹೆಂಡತಿ ಸೋನಾಬಾಯಿ ಇದನ್ನೆಲ್ಲ ನೋಡುತ್ತಿದ್ದಳು. ಅವಳ ಮುಂದೆ ತಾಟಿನಲ್ಲಿ ಅರಿಶಿಣ ಕುಂಕುಮ, ಪಕ್ಕದಲ್ಲಿ ಗುಂಡುಕಲ್ಲು. ಚಟ್ಟ ಎತ್ತುವ ಮೊದಲು ಅವಳ ಬಳೆ ಒಡೆಯಬೇಕಿತ್ತು. ಆ ಕೆಲಸ ಜ್ಞಾನದೇವನ ಹೆಂಡತಿ ಸುಂದರಾಳ ಪಾಲಿಗೆ ಬಂದಿತ್ತು. ಬೆಳಗಿನಿಂದ ಸೋನಾಬಾಯಿ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಪಾಪ, ಆಘಾತ ಅಂದುಕೊಂಡಿದ್ದರು ಹೆಂಗಸರು.

ಜ್ಞಾನದೇವ ಕೇಳಿದ ಪ್ರಶ್ನೆಗೆ ಆ ಅಂಗಳದಲ್ಲಿ ಉತ್ತರ ಗೊತ್ತಿದ್ದದ್ದು ಅವಳೊಬ್ಬಳಿಗೇ. ಸುಮ್ಮನಿದ್ದರೆ ಅವಳು ಊರ ಮುಂದೆ ಗಂಡನನ್ನು ಕಳೆದುಕೊಂಡ ಹೆಂಗಸು, ಮಗನಿಗೆ ತಾಯಿ. ಬಾಯಿ ಬಿಟ್ಟರೆ ಏನು ಎಂಬುದಕ್ಕೆ ಅವಳಲ್ಲಿ ಶಬ್ದವಿರಲಿಲ್ಲ.

*

ಆ ಕಾರನ್ನು ಕೊಂಡದ್ದು ಅವಳ ಮಾವ. ಅವರ ಊರು ಜುಗೂಳಕ್ಕೆ ಬಂದ ಮೊದಲ ಕಾರು ಅದು. ಮದುವೆಯಾದ ಹೊಸದರಲ್ಲಿ ರಾವಸಾಹೇಬ ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಮಿರಜಕ್ಕೆ ಒಯ್ದಿದ್ದ. ದಾರಿಯಲ್ಲಿ "ಹಾರ್ನ್ ಒತ್ತ ನೀನs" ಎಂದಿದ್ದ. ಅವಳು ಒತ್ತಿದಳು. ಎದುರಿಗೆ ಬರುತ್ತಿದ್ದ ಎತ್ತು ಬೆದರಿ ಗಾಡಿಯ ಕಬ್ಬೆಲ್ಲ ರಸ್ತೆಗೆ ಬಿತ್ತು. ಅವನು ನಕ್ಕ ನಗುವಿಗೆ ಕಣ್ಣಲ್ಲಿ ನೀರು ಬಂದಿತ್ತು. ಆ ನಗು ಸುಳ್ಳಲ್ಲ. ಮೂವತ್ತೈದು ವರ್ಷ ಅವಳು ಆ ಒಂದು ದಿನವನ್ನು ತಿರುವಿ ತಿರುವಿ ನೋಡಿದ್ದಳು, ಅದರಲ್ಲಿ ಎಲ್ಲೂ ಕಲಬೆರಕೆ ಕಂಡಿರಲಿಲ್ಲ.

ಕೃಷ್ಣೆಯ ದಂಡೆಯ ಊರು. ಚಳಿಗಾಲದಲ್ಲಿ ಮಂಜು ಬಿದ್ದರೆ ಕಾರು ಏಳುತ್ತಿರಲಿಲ್ಲ. ಕೀಲಿ ತಿರುವಿದರೆ ಓಡಬೇಕಾದ ಸೆಲ್ಫ್ ಹಾಳಾಗಿ ಯಾವ ಕಾಲವಾಗಿತ್ತೋ, ಹ್ಯಾಂಡಲ್ ಹೊಡೆದೇ ಎಬ್ಬಿಸಬೇಕು. ಅದಕ್ಕೂ ಮೊದಲು ಇಂಜಿನ್ನಿಗೆ ಕರೆಂಟು ಬರುತ್ತಿದೆಯೋ ಇಲ್ಲವೋ ನೋಡಬೇಕು. ಬಾನೆಟ್ ಎತ್ತಿ, ಇಂಜಿನ್ನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಎರಡು ಕ್ಲಿಪ್ಪು ಬಿಡಿಸಿ ಕರಿ ಟೋಪಿ ತೆಗೆದರೆ ಒಳಗೆ ಪಾಯಿಂಟು ಕಾಣುತ್ತದೆ. ಬಾಯಿ ಮುಚ್ಚಿ ತೆರೆಯುವ ಎರಡು ಸಣ್ಣ ಲೋಹದ ತುಣುಕು, ಅಷ್ಟೇ. ಅದನ್ನು ಒರೆಸಿ, ಪಾಲಿಶ್ ಕಾಗದದಿಂದ ತಿಕ್ಕಿ, ಟೋಪಿಯ ನಡುವಿನಿಂದ ದಪ್ಪ ವಾಯರ್ ಕಿತ್ತು, ಸ್ಕ್ರೂಡ್ರೈವರಿನಿಂದ ಪಾಯಿಂಟನ್ನು ಮೀಟಿದರೆ ವಾಯರಿನ ತುದಿಯಿಂದ ಕಿಡಿ ಹಾರಬೇಕು. ಮೆಕ್ಯಾನಿಕ್ಕುಗಳು ವಾಯರಿನ ತುದಿಯನ್ನು ಕಬ್ಬಿಣದ ಹತ್ತಿರ ಹಿಡಿದು ನೀಲಿ ಕಿಡಿ ನೋಡುತ್ತಾರೆ. ರಾವಸಾಹೇಬನಿಗೆ ದೃಷ್ಟಿ ಮಂದ. ಬೆಳಕಿನಲ್ಲಿ ಕಿಡಿ ಕಾಣುತ್ತಿರಲಿಲ್ಲ. ಚಷ್ಮಾ ಹಾಕಿಕೊಂಡರೆ ಮರ್ಯಾದೆ ಹೋಗುತ್ತಿತ್ತು.

"ಇದನ್ನ ಹಿಡಿ ಬಾ," ಎಂದ ಒಂದು ಬೆಳಿಗ್ಗೆ.

ಅವಳು ಹಿಡಿದಳು. ಅವನು ಪಾಯಿಂಟು ಮೀಟಿದ. ಬೆರಳಿನಿಂದ ಹೆಗಲವರೆಗೆ ಯಾರೋ ಕಾದ ಸಲಾಕೆ ತೂರಿಸಿದ ಹಾಗಾಯಿತು. ಅವಳು ಕೂಗಿ ಹಿಂದಕ್ಕೆ ಬಿದ್ದಳು. ರಾವಸಾಹೇಬನಿಗೆ ಖುಷಿಯಾಯಿತು. "ಕರೆಂಟ್ ಐತಿ!" ಎಂದು ಹ್ಯಾಂಡಲ್ ಹಾಕಿದ, ಗಾಡಿ ಎದ್ದಿತು, ದ್ರಾಕ್ಷಿ ಮಾರಲು ಮಿರಜಕ್ಕೆ ಹೋದ. ಬರುವಾಗ ಅರ್ಧ ಕಿಲೊ ಪೇಢೆ ತಂದ.

ಅಂದಿನಿಂದ ಅವಳ ಬಲಗೈ ಆ ಕಾರಿನ ಒಂದು ಸಾಮಾನಾಯಿತು. ಒಮ್ಮೆ ಕರೆಂಟು ಹೊಡೆದ ರಭಸಕ್ಕೆ ಕೈ ರೇಡಿಯೇಟರಿಗೆ ಅಪ್ಪಳಿಸಿ ಬಳೆ ಒಡೆದು ಗಾಜಿನ ಚೂರು ಅವನ ಕೆನ್ನೆಗೆ ಸಿಡಿಯಿತು. ಅವಳ ತಲೆಯನ್ನು ಬಾನೆಟ್ಟಿಗೆ ಎರಡು ಸಲ ಬಡಿದು, "ಈ ಕೈಯಾಗ ಇನ್ನ ಬಳಿ ಇಡಬ್ಯಾಡ" ಎಂದ. ಕರೆಂಟು ಬಾರದ ದಿನ "ಇಲ್ರಿ" ಎಂದರೆ, ಇಲ್ಲ ಎಂದದ್ದಕ್ಕೆ ಏಟು. ಹೆದರಿ "ಐತ್ರಿ" ಎಂದು ಸುಳ್ಳು ಹೇಳಿದರೆ, ಗಾಡಿ ಏಳದಾಗ ಸುಳ್ಳಿಗೆ ಏಟು. ಒಂದೊಂದು ಸಲ ಬೋಲ್ಟು ಬಿಚ್ಚುವ ಪಾನಾ ಕೈಗೆ ಸಿಕ್ಕರೆ ಪಾನಾದಿಂದ. ಅವಳು ತವರಿಗೆ ಹೋದಾಗ ಈಶ್ವರನ ಕೈಯಲ್ಲಿ ವಾಯರ್ ಹಿಡಿಸುತ್ತಿದ್ದ.

ಊರಿಗೆ ಅವನು ದೇವರಂಥ ಮನುಷ್ಯ. ಯಾರ ಮನೆಯಲ್ಲಿ ಬಸುರಿಗೆ ನೋವು ಬಂದರೂ ಕಾರು ಕೇಳಿದರೆ ಇಲ್ಲ ಎಂದವನಲ್ಲ, ಒಂದು ರೂಪಾಯಿ ಮುಟ್ಟಿದವನಲ್ಲ. ಸುಂದರಾಳ ಮೊದಲ ಹೆರಿಗೆಯೂ ಹಾಗೇ ಆದದ್ದು. ಹಿಂದಿನ ಸೀಟಿನಲ್ಲಿ ಸುಂದರಾ ಹೊರಳಾಡುತ್ತಿದ್ದಳು. ಗಾಡಿ ಏಳಲಿಲ್ಲ. ರಾವಸಾಹೇಬ ಬಾನೆಟ್ ಎತ್ತಿ "ಹಿಡಿ" ಎಂದ. ಸೋನಾಬಾಯಿ ಹಿಡಿದಳು. ಇಬ್ಬರು ಹೆಂಗಸರೂ ಒಂದೇ ಹೊತ್ತಿಗೆ ಕೂಗಿದರು. ಕೂಡಿದ ಮಂದಿಗೆ ಕೇಳಿಸಿದ್ದು ಹಿಂದಿನ ಸೀಟಿನ ಕೂಗು ಮಾತ್ರ.

*

ಅಂಗಳದ ಬಾಗಿಲಲ್ಲಿ ರಿಕ್ಷಾ ನಿಂತಿತು. ಮಗಳು ಶುಭಾಂಗಿ ಇಳಿದಳು. ಬಲ ಮೊಣಕೈಯವರೆಗೆ ಪ್ಲಾಸ್ಟರ್, ಕುತ್ತಿಗೆಗೆ ಕಟ್ಟಿದ ಬಟ್ಟೆಯಲ್ಲಿ ಕೈ ತೂಗುತ್ತಿತ್ತು. ಅನಂತಪುರದ ಗಂಡನ ಮನೆ ಬಿಟ್ಟು ಅಥಣಿಯ ಒಂದು ದವಾಖಾನೆಯಲ್ಲಿ ಸಿಸ್ಟರ್ ಕೆಲಸಕ್ಕೆ ಸೇರಿ ಐದು ತಿಂಗಳಾಗಿತ್ತು. ಹೆಣದ ಹತ್ತಿರ ಬಂದು ಅಪ್ಪನ ಮುಖ ನೋಡಿದಳು. ಅಳಲಿಲ್ಲ. ತಾಯಿಯ ಪಕ್ಕ ಕೂತಳು.

"ಕೈಗೆ ಏನಾತ ಬೇ?" ಎಂದು ಯಾರೋ ಕೇಳಿದರು.

"ಬಿದ್ದಿದ್ದೆ," ಎಂದಳು.

ಅತ್ತ ಸಮಾಧಾನನನ್ನು ಕುತ್ತಿಗೆ ಹಿಡಿದು ಬೇವಿನ ಗಿಡದ ಕೆಳಗಿದ್ದ ಕಾರಿನತ್ತ ದಬ್ಬುತ್ತಿದ್ದರು. ಮೊನ್ನೆ ಎತ್ತಿದ ಬಾನೆಟ್ ಹಾಗೇ ಬಾಯಿ ತೆರೆದುಕೊಂಡಿತ್ತು. "ತೋರ್ಸ. ಎಲ್ಲಿ ತಪ್ಪೈತಿ ನೀನs ತೋರ್ಸ," ಎಂದು ಜ್ಞಾನದೇವ ಅವನ ತಲೆಯನ್ನು ಇಂಜಿನ್ನಿನ ಮೇಲೆ ಒತ್ತಿದ.

ಸಮಾಧಾನ ನೋಡಿದ. ಟೈಮಿಂಗ್ ಕಟ್ಟಿದ ಮೇಲೆ ಡಿಸ್ಟ್ರಿಬ್ಯೂಟರಿನ ಬುಡಕ್ಕೂ ಅದು ಕೂತ ಇಂಜಿನ್ನಿಗೂ ಕೂಡಿಸಿ ಅವನು ಬಿಳಿ ಬಣ್ಣದ ಒಂದು ಗೆರೆ ಎಳೆದಿದ್ದ. ಒಂದೇ ಗೆರೆಯಾಗಿದ್ದದ್ದು ಈಗ ಎರಡು ತುಂಡಾಗಿ, ನಡುವೆ ಒಂದು ಬೆರಳಿನಷ್ಟು ಅಂತರವಾಗಿತ್ತು.

"ಗೆರಿ ಸರದೈತ್ರಿ," ಎಂದ. ದನಿಯಲ್ಲಿ ಆಶ್ಚರ್ಯವಿತ್ತು. "ಬೋಲ್ಟ್ ಸಡ್ಲ ಮಾಡಿ ಯಾರೊ ತಿರುವ್ಯಾರ. ತಾನ ತಿರುಗೂವಂಥಾದ್ದ ಅಲ್ರಿ ಇದು."

"ಯಾರ ತಿರುವತಾರ? ನಮ್ಮ ಮನ್ಯಾಗ ಅದರ ಹೆಸರ ಗೊತ್ತಿದ್ದಾಂವ ಅಲ್ಲಿ ಸತ್ತ ಮಲಗ್ಯಾನ!" ಜ್ಞಾನದೇವ ಅವನ ಮುಖವನ್ನು ಇಂಜಿನ್ನಿಗೆ ಕುಟ್ಟಿದ. ಸಮಾಧಾನನ ತುಟಿ ಹರಿದು ಒಂದು ಹಲ್ಲು ಬ್ಯಾಟರಿಯ ಮೇಲೆ ಬಿತ್ತು.

"ಆಬಾ ಕರೆಂಟ್ ನೋಡೇ ಹ್ಯಾಂಡಲ್ ಹಾಕಿದ್ದ," ಎಂದ ಈಶ್ವರ ಅಪ್ಪನ ಹೆಣದತ್ತ ಕೈ ಮಾಡಿ. "ಆಯಿ ಕೈಯಾಗ ವಾಯರ್ ಕೊಟ್ಟ ನೋಡಿದ್ದ. ಕರೆಂಟ್ ಬರೋಬ್ಬರಿ ಇತ್ತು."

ಸಮಾಧಾನ ರಕ್ತ ಉಗುಳಿದ. ಅವನಿಗೆ ನೋವಿಗಿಂತ ಹೆಚ್ಚಾಗಿ, ಇಷ್ಟು ಸರಳವಾದದ್ದು ಇವರಿಗೆ ತಿಳಿಯುತ್ತಿಲ್ಲವಲ್ಲ ಎಂಬ ಸಂಕಟವಿದ್ದಂತೆ ಕಂಡಿತು. "ಕರೆಂಟ್ ಐತೊ ಇಲ್ಲೊ ಅನ್ನೂದ ಕೈಗೆ ತಿಳೀತೈತಿ ಈಶ್ವರ್‌ಸಾಹೇಬ್ರ. ಅದು ಯಾವಾಗ ಬರ್ತೈತಿ ಅನ್ನೂದ ಕೈಗೆ ಹೆಂಗ ತಿಳೀಬೇಕ? ಕಿಡಿ ಹೊತ್ತಿಗಿಂತ ಮದಲ ಬಂದ್ರ ಇಂಜಿನ್ ಹಿಂದಕ್ಕ ಒದೀತೈತಿ. ಗೆರಿ ನೋಡಿದ್ರ ಸಾಹುಕಾರ್ಗೆ ತಿಳೀತಿತ್ತು. ಅವ್ರು ಗೆರಿ ನೋಡಲಿಲ್ಲ."

"ತಪ್ಪ ನಮ್ಮಪ್ಪಂದ ಅಂತೀ?"

ಈಶ್ವರ ಹ್ಯಾಂಡಲ್ ಎತ್ತಿದ. ಈ ಸಲ ಅದು ಮೊಣಕಾಲಿಗೆ ಬಿತ್ತು. ಎಲುಬು ಮುರಿದ ಸಪ್ಪಳ ಹೆಣದ ಬಳಿ ಕೂತವರಿಗೂ ಕೇಳಿಸಿತು. ಸಮಾಧಾನ ಕಾರಿನ ಮುಂದೆ ಕುಸಿದ. ಬಿದ್ದವನ ಮೇಲೆ ಮತ್ತಿಬ್ಬರು ಗಂಡಸರು ನುಗ್ಗಿದರು. ಅವರಿಗೆ ಟೈಮಿಂಗೂ ಗೊತ್ತಿರಲಿಲ್ಲ, ಕರೆಂಟೂ ಗೊತ್ತಿರಲಿಲ್ಲ. ಬಿದ್ದವನನ್ನು ಒದೆಯುವುದು ಗೊತ್ತಿತ್ತು.

*

ಮೂರು ವಾರದ ಹಿಂದೆ ರಾವಸಾಹೇಬ ಮಗಳನ್ನು ಎಳೆದು ತರುತ್ತೇನೆಂದು ಅಥಣಿಗೆ ಹೊರಟಾಗ, ಗಾಡಿ ಏಳದಿರಲೆಂದು ಸೋನಾಬಾಯಿ ಡಿಸ್ಟ್ರಿಬ್ಯೂಟರಿನೊಳಗಿನ ಸಣ್ಣ ರೋಟರನ್ನು ತೆಗೆದು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹುಗಿದಿಟ್ಟಿದ್ದಳು. ಟೋಪಿ ತೆಗೆದ ಕೂಡಲೇ ಅವನಿಗೆ ತಿಳಿಯಿತು. ಅವಳ ಕೂದಲು ಹಿಡಿದು ಅಡುಗೆ ಮನೆಗೆ ಎಳೆದೊಯ್ದ. ಹತ್ತು ನಿಮಿಷದಲ್ಲಿ ರೋಟರ್ ಸಿಕ್ಕಿತು. ಸಂಜೆ ಅಥಣಿಯಿಂದ ಒಬ್ಬನೇ ಬಂದು, "ಕೈ ಮುರದ ಬಂದೇನಿ. ಇನ್ನೂ ಬುದ್ಧಿ ಬರಲಿಲ್ಲಂದ್ರ ಮುಂದಿನ ಸಲ ಕುತಗಿ" ಎಂದು ಊಟಕ್ಕೆ ಕೂತ. ಎರಡು ರೊಟ್ಟಿ ಹೆಚ್ಚಿಗೆ ತಿಂದ.

ಆಮೇಲೆ ಗಾಡಿ ಕೆಮ್ಮತೊಡಗಿತು. ಸಮಾಧಾನ ಬಂದು ಪಾಯಿಂಟು ಬದಲಿಸಿ ಟೈಮಿಂಗ್ ಕಟ್ಟಿದ. ರಾವಸಾಹೇಬ ತೋಟಕ್ಕೆ ಹೋಗಿದ್ದ. ಸೋನಾಬಾಯಿ ಚಹಾ ತಂದುಕೊಟ್ಟು ನಿಂತು ನೋಡುತ್ತಿದ್ದಳು. ಯಾವ ಬೋಲ್ಟಿಗೆ ಯಾವ ಪಾನಾ ಎಂದು ಅವಳು ಕೇಳಿದಾಗ ಅವನಿಗೆ ತಮಾಷೆ ಎನಿಸಿ ಎಲ್ಲ ಹೇಳಿದ.

"ಈ ಗೆರಿ ಸರೀಬಾರದ್ರಿ ಅವ್ವಾರ. ಇಂಜಿನ್ ಕಡೆ ಸರಿದ್ರ ಗಾಡಿ ಏಳೂದಿಲ್ಲ, ಅಷ್ಟ. ನಿಮ್ಮ ಕಡೆ ಸರಿದ್ರ ಮಾತ್ರ ಹ್ಯಾಂಡಲ್ ಉಲ್ಟಾ ಒದೀತೈತಿ. ಅದಕ್ಕs ಹ್ಯಾಂಡಲ್ ಹಿಡಿಯೂವಾಗ ಹೆಬ್ಬೆರಳ ಸುತ್ತಿ ಹಿಡೀಬಾರದು. ಕೆಳಗ ಒತ್ತಬಾರದು, ಮ್ಯಾಲಕ್ಕ ಎಳೀಬೇಕು. ಸಾಹುಕಾರ್ಗೆ ಗೊತ್ತೈತಿ. ಸಿಟ್ಟ ಬಂದಾಗ ಮರೀತಾರ."

ಮೊನ್ನೆ ಬೆಳಿಗ್ಗೆ ರಾವಸಾಹೇಬ ಮತ್ತೆ ಅಥಣಿಗೆ ಹೊರಡಲೆಂದು ಕಬ್ಬು ಕಡಿಯುವ ಕೊಯ್ತಾ ಮಸೆದು ಕಾರಿನ ಸೀಟಿನ ಕೆಳಗಿಟ್ಟು ಸ್ನಾನಕ್ಕೆ ಹೋದ. ಸೋನಾಬಾಯಿ ಪಾನಾ ತಂದು, ಬಾನೆಟ್ ಎತ್ತಿ, ಬೋಲ್ಟು ಸಡಿಲಿಸಿದಳು. ಕೈ ಡಿಸ್ಟ್ರಿಬ್ಯೂಟರಿನ ಮೇಲಿತ್ತು. ಇಂಜಿನ್ನಿನ ಕಡೆ ತಿರುವಿದರೆ ಗಾಡಿ ಏಳುವುದಿಲ್ಲ. ಏಳದಿದ್ದರೆ ಕಾಗವಾಡಕ್ಕೆ ಹೇಳಿಕಳಿಸುತ್ತಾನೆ, ಸಮಾಧಾನ ಬರುತ್ತಾನೆ, ಮಧ್ಯಾಹ್ನದ ಹೊತ್ತಿಗೆ ಗಾಡಿ ಎದ್ದು ಸಂಜೆಯೊಳಗೆ ಅಥಣಿ ಮುಟ್ಟುತ್ತದೆ. ಬಚ್ಚಲಲ್ಲಿ ನೀರು ಸುರಿಯುವ ಸದ್ದು ನಿಂತಿತು. ಅವಳು ಅದನ್ನು ತನ್ನ ಕಡೆಗೆ ತಿರುವಿ ಬೋಲ್ಟು ಬಿಗಿದು ಬಾನೆಟ್ ಮುಚ್ಚಿದಳು.

ಅವನು ಬಂದ. ಬಾನೆಟ್ ಎತ್ತಿದ. "ಹಿಡಿ," ಎಂದ. ಅವಳು ವಾಯರ್ ಹಿಡಿದಳು, ಅವನು ಮೀಟಿದ, ಹೆಗಲವರೆಗೆ ಹೊಡೆಯಿತು.

"ಐತೇನ?"

"ಐತ್ರಿ," ಎಂದಳು. ಸುಳ್ಳೇನೂ ಹೇಳಿರಲಿಲ್ಲ.

ಅವನು ಹೆಬ್ಬೆರಳು ಸುತ್ತಿ ಹ್ಯಾಂಡಲ್ ಹಿಡಿದ. ಮಗಳನ್ನು ಬೈಯುತ್ತ ಮೈಭಾರವನ್ನೆಲ್ಲ ಹಾಕಿ ಕೆಳಕ್ಕೆ ಒತ್ತಿದ.

*

"ಬಿಡ್ರಿ ಅವನ್ನ!"

ಮೂವತ್ತೈದು ವರ್ಷದಲ್ಲಿ ಸೋನಾಬಾಯಿಯ ದನಿ ಆ ಅಂಗಳದಲ್ಲಿ ಅಷ್ಟು ದೊಡ್ಡದಾಗಿ ಎದ್ದಿರಲಿಲ್ಲ. ಒದೆಯುತ್ತಿದ್ದ ಕಾಲುಗಳು ನಿಂತವು. ಅವಳು ತಾಟನ್ನು ಸರಿಸಿ, ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದುಬಂದಳು. ಸಮಾಧಾನ ಕಾಲು ಹಿಡಿದುಕೊಂಡು ಮಣ್ಣಿನಲ್ಲಿ ನರಳುತ್ತಿದ್ದ.

"ಅಂವ ಅಲ್ಲ. ಗೆರಿ ಸರಿಸಿದಾಕಿ ನಾ."

ಜ್ಞಾನದೇವ ಹೆಂಡತಿಯತ್ತ ತಿರುಗಿ ಅತ್ತಿಗೆಯನ್ನು ತೋರಿಸಿ, "ಸುಂದರಾ, ವೈನೀನ ಒಳಗ ಕರಕೊಂಡ ಹೋಗ. ತಲಿ ನೆಟ್ಟಗಿಲ್ಲ ಅವ್ರದು," ಎಂದ.

"ನೆಟ್ಟಗೈತಿ," ಎಂದಳು ಸೋನಾಬಾಯಿ.

"ಆಯಿ, ನಿನಗೇನ ಗೊತ್ತಾಗ್ತೈತಿ ಇದರಾಗ? ಹೋಗ ಒಳಗ," ಎಂದ ಈಶ್ವರ.

ಅವಳು ಮಗನನ್ನು ಪಕ್ಕಕ್ಕೆ ಸರಿಸಿ ಬಾನೆಟ್ಟಿನೊಳಗೆ ಬಗ್ಗಿದಳು. ಎರಡು ಕ್ಲಿಪ್ಪನ್ನು ಹೆಬ್ಬೆರಳಿನಿಂದ ಚಟ್ ಚಟ್ಟೆಂದು ಬಿಡಿಸಿ ಟೋಪಿ ತೆಗೆದಳು. ಒಳಗೆ ಇಬ್ಬನಿ ಕೂತಿತ್ತು, ಸೆರಗಿನಿಂದ ಒರೆಸಿದಳು. ಪಾಯಿಂಟನ್ನು ಉಗುರಿನಿಂದ ತೆರೆದು ನೋಡಿ, ಸೆರಗಿನ ಅಂಚು ತೂರಿಸಿ ಒಮ್ಮೆ ತಿಕ್ಕಿದಳು. ಕಾರಿನೊಳಗೆ ಕೈ ಹಾಕಿ ಕೀಲಿ ತಿರುವಿ, ಪಾನಾ ಸ್ಕ್ರೂಡ್ರೈವರ್ ತಂದಳು. ಆಮೇಲೆ ನಡುವಿನ ದಪ್ಪ ವಾಯರ್ ಕಿತ್ತು ಬಲಗೈಯಲ್ಲಿ ಹಿಡಿದು, ಎಡಗೈಯಲ್ಲಿ ಸ್ಕ್ರೂಡ್ರೈವರ್ ತೆಗೆದುಕೊಂಡು ತಾನೇ ಪಾಯಿಂಟು ಮೀಟಿದಳು.

ಚಟ್ ಎಂದು ಸದ್ದಾಯಿತು. ಹೆಗಲು ಹಾರಿತು. ನೋಡುತ್ತಿದ್ದ ಗಂಡಸರಲ್ಲಿ ಒಬ್ಬ ಹಿಂದೆ ಸರಿದ. ಅವಳು ಕೂಗಲಿಲ್ಲ. ಇನ್ನೊಮ್ಮೆ ಮೀಟಿದಳು.

"ಕರೆಂಟ್ ಐತಿ," ಎಂದಳು.

ಹೆಣ ಬಿಟ್ಟು ಹೆಂಗಸರೂ ಬಂದು ನಿಂತಿದ್ದರು. ಸೋನಾಬಾಯಿ ಬೋಲ್ಟಿಗೆ ಪಾನಾ ಹಾಕಿದಳು. ಡಿಸ್ಟ್ರಿಬ್ಯೂಟರನ್ನು ಇಂಜಿನ್ನಿನ ಕಡೆಗೆ ನಿಧಾನವಾಗಿ ತಿರುವುತ್ತ ಎರಡು ತುಂಡಾಗಿದ್ದ ಬಿಳಿ ಗೆರೆಯನ್ನು ಒಂದು ಮಾಡಿದಳು. ಬೋಲ್ಟು ಬಿಗಿದು, ಟೋಪಿ ಹಾಕಿ, ವಾಯರ್ ಚುಚ್ಚಿದಳು. ಮಗನ ಮುಂದೆ ಕೈ ಚಾಚಿದಳು. ಯಾಕೆಂದು ತಿಳಿಯದೆ ಈಶ್ವರ ರಕ್ತ ಹತ್ತಿದ ಹ್ಯಾಂಡಲ್ಲನ್ನು ಕೊಟ್ಟುಬಿಟ್ಟ. ಅವಳು ಅದನ್ನು ಕಾರಿನ ಮೂತಿಗೆ ತೂರಿಸಿ, ಹೆಬ್ಬೆರಳನ್ನು ಹೊರಗಿಟ್ಟು ಹಿಡಿದು, ಮೇಲಕ್ಕೆ ಎಳೆದಳು. ಎರಡನೆಯ ಎಳೆತಕ್ಕೆ ಅಂಬಾಸಿಡರ್ ಎದ್ದಿತು.

ಇಂಜಿನ್ನಿನ ಸದ್ದು ಅಂಗಳ ತುಂಬಿತು. ಮಾತು ಕೇಳಿಸುವಷ್ಟು ಹತ್ತಿರ ಇದ್ದದ್ದು ಈಶ್ವರ, ನೆಲದ ಮೇಲೆ ಸಮಾಧಾನ, ಅವನ ಪಕ್ಕದಲ್ಲಿ ಒಂದೇ ಕೈಯಲ್ಲಿ ಅವನ ಮೊಣಕಾಲಿಗೆ ದುಪಟ್ಟಾ ಸುತ್ತುತ್ತಿದ್ದ ಶುಭಾಂಗಿ.

ಈಶ್ವರ ತಾಯಿಯ ಕಿವಿಯ ಹತ್ತಿರ ಬಂದ. "ಆಯಿ. ಯಾ ಕಡೆ ತಿರುವಿದ್ರ ಏನಾಗ್ತೈತಿ ಅಂತ ನಿನಗ ಗೊತ್ತಿತ್ತೇನ?"

"ಗೊತ್ತಿತ್ತು."

"ಗೊತ್ತಿದ್ದs?"

"ಗೊತ್ತಿದ್ದs. ಸೀಟಿನ ಕೆಳಗ ನೋಡ."

ಅವನು ಬಾಗಿಲು ತೆರೆದು ಬಗ್ಗಿ ನೋಡಿದ. ಕೊಯ್ತಾ ಅಲ್ಲೇ ಇತ್ತು, ಅಂಚು ಹೊಳೆಯುತ್ತಿತ್ತು. ತಂಗಿಯ ಪ್ಲಾಸ್ಟರ್ ಹಾಕಿದ ಕೈಯನ್ನು ನೋಡಿದ.

"ಏನಂದ್ಲು?" ಜ್ಞಾನದೇವ ಆಚೆಯಿಂದ ಕೂಗಿದ. "ಈಶ್ವರಾ, ಏನಂತಾಳ ವೈನಿ?"

ಈಶ್ವರ ಬಾಯಿ ಒರೆಸಿಕೊಂಡ. ತಾಯಿಯನ್ನು ಉಳಿಸಲು ಅವನಿಗೆ ಒಂದೇ ದಾರಿ ಹೊಳೆಯಿತು. "ಬೋಲ್ಟ್ ಸಡ್ಲಿತ್ತಂತ ಕಾಕಾ! ಇಂವ ಬಿಗದಿಲ್ಲ! ತಾನ ಸರದೈತಂತ!"

"ನಾ ಅಂದಿದ್ದೆ ಇಲ್ಲೊ!" ಎಂದು ಜ್ಞಾನದೇವ ತೋಳು ಮಡಚುತ್ತ ಮುಂದೆ ಬಂದ. ಹಿಂದೆ ಸರಿದಿದ್ದ ಗಂಡಸರೂ ಅವನ ಜೊತೆ ಬಂದರು. ಸಮಾಧಾನ ಮಣ್ಣಿನಲ್ಲಿ ತೆವಳಿ ಕಾರಿನ ಕೆಳಗೆ ಹೋಗಲು ನೋಡಿದ. ಶುಭಾಂಗಿ ಅವನಿಗೂ ಬರುವವರಿಗೂ ನಡುವೆ ನಿಂತಳು. ಯಾರೋ ಅವಳನ್ನು ಪ್ಲಾಸ್ಟರ್ ಹಾಕಿದ ಕೈ ಹಿಡಿದೇ ಎಳೆದು ಪಕ್ಕಕ್ಕೆ ದಬ್ಬಿದರು. ಅವಳು ಚೀರಿದಳು.

ಸೋನಾಬಾಯಿ ಕಾರಿನೊಳಗೆ ಕೈ ಹಾಕಿ ಕೀಲಿ ತಿರುವಿದಳು.

ಇಂಜಿನ್ ನಿಂತಿತು. ಒಮ್ಮೆಲೇ ಆದ ಮೌನಕ್ಕೆ ಜ್ಞಾನದೇವನ ಕಾಲೂ ನಿಂತಿತು.

"ಬೋಲ್ಟ್ ಸಡ್ಲಿರಲಿಲ್ಲ," ಎಂದಳು ಸೋನಾಬಾಯಿ. ಈಗ ಕೂಗುವ ಅಗತ್ಯವಿರಲಿಲ್ಲ, ಕಟ್ಟೆಯ ಮೇಲೆ ಕೂತ ಭರಮುವಿಗೂ ಕೇಳಿಸುತ್ತಿತ್ತು. "ಅಂವ ಬಿಗದ ಹೋಗಿದ್ದ. ನಾ ಸಡ್ಲ ಮಾಡಿದೆ. ಹ್ಯಾಂಡಲ್ ಒದೀಲಿ ಅಂತನ ನನ್ನ ಕಡೆ ತಿರುವಿದೆ. ಕೊಯ್ತಾ ಮಸದ ಇಟ್ಟಿದ್ರು ನನ್ನ ಮಗಳ ಕುತಗಿಗೆ. ಪೊಲೀಸರ್ನ ಕರೀತೀರೇನ, ಕರೀರಿ. ನನ್ನ ಹೊಡೀತೀರೇನ, ಹೊಡೀರಿ, ರೂಢಿ ಐತಿ. ಅಂವನ್ನ ಇನ್ನ ಮುಟ್ಟಬ್ಯಾಡ್ರಿ."

ಜ್ಞಾನದೇವನ ಕೈ ಮೇಲೆದ್ದಿತು, ಅಲ್ಲೇ ನಿಂತಿತು, ಇಳಿಯಿತು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ಹೊತ್ತು ಯಾರನ್ನು ಹೊಡೆಯಬೇಕೆಂದು ಗೊತ್ತಿದ್ದವರಿಗೆ ಈಗ ಗೊತ್ತಾಗಲಿಲ್ಲ. ಈಶ್ವರ ಕಾರಿನ ಮಡ್‌ಗಾರ್ಡ್ ಹಿಡಿದು ಕೂತುಬಿಟ್ಟ. ಶುಭಾಂಗಿ ಹೊರಗಿನ ರಿಕ್ಷಾದವನನ್ನು ಕರೆದಳು. ಅವನೂ ಅವಳೂ ಸೇರಿ ಸಮಾಧಾನನನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಯಾರೂ ತಡೆಯಲಿಲ್ಲ. ಯಾರೂ ಕೈಯನ್ನೂ ಹಚ್ಚಲಿಲ್ಲ.

ರಿಕ್ಷಾದ ಸದ್ದು ಕಾಗವಾಡದ ದಾರಿಯಲ್ಲಿ ಅಡಗಿದ ಮೇಲೆ ಭರಮು ಕೆಮ್ಮಿದ. "ಹೊತ್ತ ಏರಾಕತ್ತೈತ್ರೊ. ಮುಂದ ಏನಾಗೂದ ಆಗ್ಲಿ. ಹೆಣಾ ಕಾಯೂದಿಲ್ಲ."

ಸೋನಾಬಾಯಿ ಹೋಗಿ ಮೊದಲಿನ ಜಾಗದಲ್ಲೇ ಗಂಡನ ತಲೆಯ ಬಳಿ ಕೂತಳು. ಅವನ ಪಟಕಾ ಜಾರಿತ್ತು, ಸರಿಮಾಡಿದಳು. ಆಗ ಅವಳಿಗೆ ಅಳು ಬಂತು. ಹಾರ್ನ್ ಒತ್ತಿದ ದಿನದ ನಗುವಿಗಾಗಿ ಬಂತೋ, ಉಳಿದ ದಿನಗಳಿಗಾಗಿ ಬಂತೋ, ಬಂದದ್ದನ್ನು ಅವಳು ತಡೆಯಲಿಲ್ಲ. ಅತ್ತು ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು. ಸೆರಗಿನ ಗ್ರೀಸು ಕೆನ್ನೆಗೆ ಹತ್ತಿತು.

"ಸುಂದರಾ, ಕಲ್ಲ ತಗೊ," ಎಂದಳು.

ಸುಂದರಾ ಗುಂಡುಕಲ್ಲು ಎತ್ತಿಕೊಂಡಳು. ಸೋನಾಬಾಯಿ ಎಡಗೈಯನ್ನು ನೆಲಕ್ಕೆ ಊರಿದಳು. ಹಸಿರು ಬಳೆಗಳು ಎರಡೇಟಿಗೆ ಒಡೆದು ಚೂರಾದವು.

"ಇನ್ನೊಂದ ಕೈ ತಾ ಅಕ್ಕಾ," ಎಂದಳು ಸುಂದರಾ, ಕಲ್ಲು ಎತ್ತಿ.

ಸೋನಾಬಾಯಿ ಬಲಗೈ ಚಾಚಿದಳು. ಬೆರಳ ತುದಿಗಳಲ್ಲಿ ಸುಟ್ಟ ಕರಿ ಚುಕ್ಕೆಗಳಿದ್ದವು. ಮಣಿಕಟ್ಟು ಬರಿದಾಗಿತ್ತು. ಒಡೆಯಲು ಅಲ್ಲಿ ಏನೂ ಇರಲಿಲ್ಲ.